ನೈರೋಬಿಯ ಇಂಡಸ್ಟ್ರಿಯಲ್ ಏರಿಯಾ: ಹೊಸ ಪೇಟೆಯ ಖರ್ಚು ಯಾರ ಲೆಕ್ಕಕ್ಕೆ?

ನೈರೋಬಿಯ ಹಳೆಯ ರೈಲು ನಿಲ್ದಾಣದ ಬೆನ್ನಿಗೆ, ಹೈಲೆ ಸೆಲಾಸಿ ಅವೆನ್ಯೂ, ಉಹುರು ಹೆದ್ದಾರಿ, ಬುನ್ಯಾಲಾ ರಸ್ತೆ ಮತ್ತು ಲ್ಯಾಂಡೀಸ್ ರಸ್ತೆಗಳ ನಡುವೆ ಸುಮಾರು 425 ಎಕರೆ ಜಮೀನಿದೆ. ಬಹುಪಾಲು ರೈಲ್ವೆಗೆ ಸೇರಿದ ಈ ನೆಲದಲ್ಲಿ ‘ನೈರೋಬಿ ರೈಲ್ವೆ ಸಿಟಿ’ ಎಂಬ ಹೊಸ ವಾಣಿಜ್ಯ ಕೇಂದ್ರ ಕಟ್ಟುವ ಯೋಜನೆಗೆ 2022ರ ಡಿಸೆಂಬರಿನಲ್ಲಿ ಅಧ್ಯಕ್ಷ ವಿಲಿಯಂ ರೂಟೊ ಅವರು ಬ್ರಿಟನ್ನಿನ ಅಂದಿನ ವಿದೇಶಾಂಗ ಸಚಿವ ಜೇಮ್ಸ್ ಕ್ಲೆವರ್ಲಿ ಅವರ ಜೊತೆ ನಿಂತು ಚಾಲನೆ ಕೊಟ್ಟರು. 2025ರ ಜುಲೈನಲ್ಲಿ ರೂಟೊ ಲಂಡನ್ನಿಗೆ ಹೋದಾಗಲೂ ಮಾತುಕತೆಯ ಪಟ್ಟಿಯಲ್ಲಿ ಇದೇ ಯೋಜನೆ ಇತ್ತು. ಈ ಜಮೀನಿನ ಗಡಿ ದಾಟಿದರೆ ಸಿಗುವುದು ಇಂಡಸ್ಟ್ರಿಯಲ್ ಏರಿಯಾ. ನಾನು ದುಡಿಯುವ ಜಾಗ. ನನ್ನಂಥ ಹಲವು ಕನ್ನಡಿಗರು ಲೆಕ್ಕಪತ್ರ, ಯಂತ್ರಗಳ ಉಸ್ತುವಾರಿ, ಖರೀದಿ ವಿಭಾಗಗಳಲ್ಲಿ ಅನ್ನ ಸಂಪಾದಿಸುವ ಜಾಗ.

ಊರಿನಿಂದ ಫೋನ್ ಮಾಡುವವರು ನೈರೋಬಿ ಎಂದೊಡನೆ ಸಿಂಹ, ಜಿರಾಫೆಗಳನ್ನು ಕೇಳುತ್ತಾರೆ. ಈ ನಗರದ ನಿಜವಾದ ಜಗಳ ಇರುವುದು ಗೋದಾಮುಗಳ ಸಾಲಿನಲ್ಲಿ. ಇಲ್ಲಿಯೂ ಗೋದಾಮಿಗೆ ‘ಗೋಡೌನ್’ ಎಂದೇ ಹೆಸರು. ಹಿಂದೂ ಮಹಾಸಾಗರದ ಎರಡೂ ದಡದ ವರ್ತಕರು ಹಂಚಿಕೊಂಡ ಮಾತುಗಳಲ್ಲಿ ಅದೊಂದು. ಆ ಗೋಡೌನುಗಳ ಮುಂದಿನ ಗತಿ ಏನು, ಅವುಗಳ ಜಾಗದಲ್ಲಿ ಏನು ಏಳುತ್ತದೆ, ಅದಕ್ಕೆ ದುಡ್ಡು ಕೊಡುವವರು ಯಾರು ಎಂಬ ಪ್ರಶ್ನೆಗಳು ಈಗ ಒಟ್ಟಿಗೇ ಬಂದಿವೆ. ಪತ್ರಿಕೆಗಳಲ್ಲಿ ಕಟ್ಟಡದ ಬಣ್ಣದ ಚಿತ್ರಗಳು ಅಚ್ಚಾಗುತ್ತವೆ. ಹಣದ ದಾರಿಯ ಚಿತ್ರ ಅಷ್ಟಾಗಿ ಅಚ್ಚಾಗುವುದಿಲ್ಲ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ನೈರೋಬಿ ಹುಟ್ಟಿದ್ದೇ 1899ರಲ್ಲಿ, ಉಗಾಂಡ ರೈಲು ಮಾರ್ಗದ ಡಿಪೊ ಆಗಿ. ಆ ಹಳಿಗಳನ್ನು ಹಾಸಿದ ಕೂಲಿಗಳಲ್ಲಿ ಹೆಚ್ಚಿನವರು ಅವಿಭಜಿತ ಪಂಜಾಬಿನಿಂದ ಬಂದವರು. 1948ರಲ್ಲಿ ಥಾರ್ನ್‌ಟನ್ ವೈಟ್ ಮತ್ತು ಅವರ ಸಂಗಡಿಗರು ವಸಾಹತು ರಾಜಧಾನಿಗೆಂದು ಸಿದ್ಧಪಡಿಸಿದ ಮಹಾಯೋಜನೆಯ ಹೊತ್ತಿಗೆ ನಗರದ ಹಂಚಿಕೆ ಗಟ್ಟಿಯಾಗಿತ್ತು: ಪಶ್ಚಿಮದ ಎತ್ತರದಲ್ಲಿ ಬಿಳಿಯರ ಬಂಗಲೆಗಳು, ಪೂರ್ವದ ತಗ್ಗಿನಲ್ಲಿ ಆಫ್ರಿಕನ್ ಕಾರ್ಮಿಕರ ವಸತಿ, ಹಳಿಗಳ ಮಗ್ಗುಲಲ್ಲಿ ಕೈಗಾರಿಕೆ. ರೈಲು ಬೋಗಿ ನೇರವಾಗಿ ಗೋದಾಮಿನ ಹಿತ್ತಲಿಗೆ ಬರಲೆಂದು ಕವಲು ಹಳಿಗಳನ್ನು ಹಾಕಿದ್ದರು. ಈಗ ಆ ಕವಲುಗಳಲ್ಲಿ ಹುಲ್ಲು ಬೆಳೆದಿದೆ. ಮೊಂಬಾಸಾ ಬಂದರಿನ ಸರಕು ಲಾರಿಯಲ್ಲಿ ಬರುತ್ತದೆ, ಇಲ್ಲವೇ 2017ರಿಂದ ಓಡುತ್ತಿರುವ ಹೊಸ ಸ್ಟಾಂಡರ್ಡ್ ಗೇಜ್ ರೈಲಿನಲ್ಲಿ ಊರಾಚೆ ಇಳಿಯುತ್ತದೆ. ಕಾರ್ಖಾನೆ ಇಲ್ಲಿಯೇ ಇರಬೇಕೆಂಬ ಮೂಲ ಕಾರಣವೇ ಸಡಿಲಗೊಂಡಿದೆ.

ಕಾರಣ ಸಡಿಲಗೊಂಡರೂ ನೆಲ ನಗರದ ಹೃದಯಕ್ಕೆ ಅಂಟಿಕೊಂಡಿದೆ. ಎಂಟರ್‌ಪ್ರೈಸ್ ರಸ್ತೆ, ಲುಂಗಾ ಲುಂಗಾ ರಸ್ತೆ, ಲಿಕೋನಿ ರಸ್ತೆಗಳಲ್ಲಿ ಸುತ್ತಾಡಿದರೆ ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಕಾರು ಮಾರಾಟದ ಮಳಿಗೆ, ಪ್ಲಾಸ್ಟಿಕ್ ಕಾರ್ಖಾನೆಯ ಪಕ್ಕದಲ್ಲಿ ಪೀಠೋಪಕರಣದ ಶೋರೂಮು, ಹಳೆಯ ಗೋದಾಮಿನೊಳಗೆ ಭಾನುವಾರ ನೂರಾರು ಮಂದಿ ಹಾಡುವ ಚರ್ಚು ಕಾಣುತ್ತವೆ. ಆಥಿ ರಿವರಿನ ರಫ್ತು ವಲಯದ ಕಡೆಗೆ, ರುಯಿರುವಿನ ಹೊಸ ಖಾಸಗಿ ಪಟ್ಟಣಗಳ ಕಡೆಗೆ ಕೆಲವು ಕಾರ್ಖಾನೆಗಳು ಹೊರಟುಹೋಗಿವೆ. ಬಿನ್ನಿ ಮಿಲ್ಲಿನ ನೆಲ ಏನಾಯಿತೆಂದು ಬಲ್ಲ ಬೆಂಗಳೂರಿನವರಿಗೆ ಈ ಕಥೆ ಹೊಸದಲ್ಲ. ವ್ಯತ್ಯಾಸವೆಂದರೆ ಇಲ್ಲಿ ಬದಲಾಗಬೇಕಾಗಿರುವುದು ಒಂದು ಮಿಲ್ಲಲ್ಲ, ಇಡೀ ಒಂದು ವಲಯ. ಅದೂ ಒಬ್ಬ ಒಡೆಯನದಲ್ಲ, ನೂರಾರು ಗುತ್ತಿಗೆದಾರರದು.

ಜಪಾನಿನ ಜೈಕಾ ಸಂಸ್ಥೆಯ ನೆರವಿನಿಂದ 2014ರಲ್ಲಿ ತಯಾರಾದ ನೈರೋಬಿಯ ಸಮಗ್ರ ನಗರಾಭಿವೃದ್ಧಿ ಯೋಜನೆ, ಅಂದರೆ ಇಲ್ಲಿನವರು ‘ನಿಯುಪ್ಲಾನ್’ ಎನ್ನುವ ದಸ್ತಾವೇಜು, ಪೇಟೆಯ ಕೇಂದ್ರವನ್ನು ದಕ್ಷಿಣದ ರೈಲ್ವೆ ನೆಲಕ್ಕೆ ಹಿಗ್ಗಿಸಬೇಕೆಂದು ಹೇಳಿತು. ಅದರ ಅವಧಿ 2030ಕ್ಕೆ ಮುಗಿಯುತ್ತದೆ. ಯೋಜಕರಿಗೆ ರೈಲ್ವೆ ಜಮೀನಿನ ಮೇಲೆ ಏಕಿಷ್ಟು ಮೋಹ ಎಂಬುದು ಅರ್ಥವಾಗುವಂಥದ್ದೇ: ಸರ್ಕಾರವೇ ಒಡೆಯ, ಭೂಸ್ವಾಧೀನದ ರಗಳೆಯಿಲ್ಲ. ಕಾಗದದ ಮೇಲೆ ಹಾಗೆ. ನೆಲದ ಮೇಲೆ ರೈಲ್ವೆಯ ನಿವೃತ್ತ ನೌಕರರ ಪಿಂಚಣಿ ನಿಧಿಗೆ ಈ ಭಾಗದಲ್ಲಿ ಆಸ್ತಿಗಳಿವೆ, ಹಳೆಯ ವಸತಿಗಳಿವೆ, ಸಂತೆಯಿದೆ. ಪಕ್ಕದ ಮುಥುರ್ವಾ ವಸತಿಯಿಂದ ಬಾಡಿಗೆದಾರರನ್ನು ಎಬ್ಬಿಸಲು ಹೊರಟ ಪಿಂಚಣಿ ನಿಧಿಯ ವಿರುದ್ಧ ನಿವಾಸಿಗಳು ಹೈಕೋರ್ಟಿಗೆ ಹೋದರು. 2013ರ ತೀರ್ಪಿನಲ್ಲಿ ನ್ಯಾಯಾಲಯ ಅವರ ವಸತಿಯ ಹಕ್ಕಿಗೆ ಧಕ್ಕೆಯಾಗಿದೆ ಎಂದಿತು. 2010ರ ಸಂವಿಧಾನದಲ್ಲಿ ವಸತಿಯನ್ನು ಹಕ್ಕೆಂದು ಬರೆದುಕೊಂಡ ದೇಶ ಇದು. ಸರ್ಕಾರಿ ನೆಲ ಎಂದಮಾತ್ರಕ್ಕೆ ಅದು ಖಾಲಿ ನೆಲವಲ್ಲ.

ಈಗ ಹಣದ ಮಾತು. ಹಳೆಯ ವಾಣಿಜ್ಯ ಪ್ರದೇಶವೊಂದನ್ನು ಸರ್ಕಾರ ಮರಳಿ ಕಟ್ಟುವಾಗ ಸಾಮಾನ್ಯವಾಗಿ ಹೇಳುವ ತರ್ಕ ಹೀಗಿದೆ: ರಸ್ತೆ, ಒಳಚರಂಡಿ, ನಿಲ್ದಾಣಗಳಿಗೆ ಮೊದಲು ಸಾಲ ಮಾಡೋಣ, ಅವು ಬಂದ ಮೇಲೆ ಸುತ್ತಲಿನ ಜಮೀನಿನ ಬೆಲೆ ಏರುತ್ತದೆ, ಬೆಲೆ ಏರಿದರೆ ಆಸ್ತಿ ತೆರಿಗೆ ಏರುತ್ತದೆ, ಆ ಹೆಚ್ಚುವರಿ ತೆರಿಗೆಯಿಂದಲೇ ಸಾಲ ತೀರಿಸೋಣ. ಅಮೆರಿಕದ ಕ್ಯಾಲಿಫೋರ್ನಿಯಾ 1952ರಲ್ಲಿ ಈ ದಾರಿ ಹಿಡಿಯಿತು. ನಂತರ ಅಲ್ಲಿನ ಊರೂರುಗಳೂ ಪುನರಭಿವೃದ್ಧಿ ಸಂಸ್ಥೆಗಳನ್ನು ಕಟ್ಟಿಕೊಂಡು, ಶಾಲೆಗಳಿಗೆ ಸಲ್ಲಬೇಕಾದ ತೆರಿಗೆಯ ಪಾಲು ಕಟ್ಟಡ ಕಂಪನಿಗಳ ಅನುಕೂಲಕ್ಕೆ ಹರಿಯುತ್ತಿದೆ ಎಂಬ ದೂರು ಬಲವಾಗಿ, 2012ರಲ್ಲಿ ಆ ರಾಜ್ಯ ನೂರಾರು ಸಂಸ್ಥೆಗಳನ್ನು ಒಮ್ಮೆಗೇ ವಿಸರ್ಜಿಸಿತು. ಆದರೂ ಆ ತರ್ಕದಲ್ಲಿ ಒಂದು ನ್ಯಾಯವಿದೆ: ಲಾಭ ಪಡೆದ ನೆಲವೇ ಖರ್ಚನ್ನು ಹೊರುತ್ತದೆ.

ನೈರೋಬಿಯಲ್ಲಿ ಈ ಯಂತ್ರ ಓಡಲು ಬೇಕಾದ ಎರಡು ಹಲ್ಲುಗಳೂ ಮುರಿದಿವೆ. ಮೊದಲನೆಯದು ಆಸ್ತಿ ತೆರಿಗೆ. ಇಲ್ಲಿ ತೆರಿಗೆ ಬೀಳುವುದು ಕಟ್ಟಡಕ್ಕಲ್ಲ, ಬರೀ ನೆಲದ ಬೆಲೆಗೆ. ತತ್ತ್ವ ಒಳ್ಳೆಯದೇ, ಆದರೆ ಆ ನೆಲದ ಬೆಲೆಯ ಪಟ್ಟಿ 1980ರ ದಶಕದ ಆರಂಭದ್ದು. ಮೂರೂವರೆ ದಶಕಕ್ಕೂ ಮೀರಿ ನಗರ ಅದೇ ಪಟ್ಟಿಯ ಮೇಲೆ ತೆರಿಗೆ ಎತ್ತಿತು. ಬೆಂಗಳೂರಿನಲ್ಲಿ ಮಾರ್ಗಸೂಚಿ ಬೆಲೆಯನ್ನು ಗುಂಡೂರಾಯರ ಕಾಲಕ್ಕೆ ನಿಲ್ಲಿಸಿ ಇಂದಿಗೂ ತೆರಿಗೆ ಹಾಕಿದಂತೆ ಎಂದರೆ ಓದುಗರಿಗೆ ಅದರ ವಿಚಿತ್ರ ಹೊಳೆಯಬಹುದು. ಆ ಹಳೆಯ ಬೆಲೆಯ ಮೇಲೆ ಶೇ 25, ಶೇ 34ರಂಥ ದರ ಹಾಕಿ ಹೇಗೋ ನಿಭಾಯಿಸುತ್ತಿದ್ದರು. ಇತ್ತೀಚೆಗೆ ಹೊಸ ಪಟ್ಟಿ ಬಂದು ದರ ಶೇ 0.115ಕ್ಕೆ ಇಳಿದಿದೆ. ಪಟ್ಟಿ ಹೊಸದಾದರೂ ಪಾವತಿಯ ರೂಢಿ ಹಳೆಯದೇ. ಬಾಕಿ ಉಳಿಸಿಕೊಂಡವರಿಗೆ ವರ್ಷ ವರ್ಷವೂ ಬಡ್ಡಿ ಮನ್ನಾದ ಪ್ರಕಟಣೆ ಬರುತ್ತದೆ, ಸಕಾಲಕ್ಕೆ ಕಟ್ಟಿದವರು ಪೆದ್ದರಾಗುತ್ತಾರೆ.

ಎರಡನೆಯದು ಸಾಲದ ಅಧಿಕಾರ. 2010ರ ಸಂವಿಧಾನದ 212ನೆಯ ವಿಧಿಯಂತೆ ಯಾವುದೇ ಕೌಂಟಿ ಸರ್ಕಾರ ಸಾಲ ಮಾಡಬೇಕಾದರೆ ರಾಷ್ಟ್ರ ಸರ್ಕಾರ ಜಾಮೀನು ನಿಲ್ಲಬೇಕು, ಕೌಂಟಿ ಸಭೆ ಒಪ್ಪಬೇಕು. ಹಾಗಾಗಿ ನಗರದ ಆಸ್ತಿ ತೆರಿಗೆ ನಗರ ಸರ್ಕಾರದ್ದು, ದೊಡ್ಡ ಸಾಲದ ಕೀಲಿಕೈ ರಾಷ್ಟ್ರ ಸರ್ಕಾರದ್ದು. ರೈಲ್ವೆ ಸಿಟಿಗಾಗಿ ಬ್ರಿಟನ್ನಿನ ಜೊತೆ ಮಾತನಾಡುವುದು ರಾಷ್ಟ್ರ ಸರ್ಕಾರ. ಅದರಿಂದ ಬೆಲೆ ಏರುವ ಕಮರ್ಷಿಯಲ್ ಸ್ಟ್ರೀಟಿನ ಗೋದಾಮಿನ ತೆರಿಗೆ ಎತ್ತಬೇಕಾದದ್ದು ಕೌಂಟಿ. 2020ರಿಂದ 2022ರವರೆಗೆ ಒಬ್ಬ ಸೇನಾ ಜನರಲ್‌ನ ಕೈಕೆಳಗೆ ‘ನೈರೋಬಿ ಮೆಟ್ರೊಪಾಲಿಟನ್ ಸರ್ವಿಸಸ್’ ಎಂಬ ಸಂಸ್ಥೆ ನಗರದ ಮುಖ್ಯ ಕೆಲಸಗಳನ್ನು ವಹಿಸಿಕೊಂಡಿತ್ತು. ಅದು ಹೋದ ಮೇಲೆ ಯಾರ ರಸ್ತೆ ಯಾರದೆಂಬ ತಕರಾರು ಮತ್ತೆ ಶುರುವಾಯಿತು. ಪೀಣ್ಯದ ಕೈಗಾರಿಕೋದ್ಯಮಿಗಳು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೂ ಪಾಲಿಕೆಗೂ ನಡುವೆ ವರ್ಷಗಟ್ಟಲೆ ಅಲೆದದ್ದನ್ನು ಕಂಡವರಿಗೆ ಈ ತಕರಾರಿನ ರಾಗ ಪರಿಚಿತವೇ.

ಹೀಗೆ ನೆಲದಿಂದ ಎತ್ತಲಾಗದ ಹಣವನ್ನು ಕೆನ್ಯಾ ಬೇರೆ ಕಡೆಯಿಂದ ಎತ್ತುತ್ತಿದೆ. ಪೆಟ್ರೋಲು, ಡೀಸೆಲ್ಲಿನ ಪ್ರತಿ ಲೀಟರಿನ ಮೇಲೆ ರಸ್ತೆ ನಿರ್ವಹಣೆಗೆಂದು 25 ಶಿಲ್ಲಿಂಗ್ ತೆರಿಗೆಯಿದೆ. (ಒಂದು ಶಿಲ್ಲಿಂಗ್ ಎಂದರೆ ನಮ್ಮ ಸುಮಾರು 65-70 ಪೈಸೆ.) 2025ರಲ್ಲಿ ಅದರಲ್ಲಿ 7 ಶಿಲ್ಲಿಂಗನ್ನು ಮುಂದಿನ ವರ್ಷಗಳಿಗೂ ಸೇರಿಸಿ ಒತ್ತೆಯಿಟ್ಟು, ರಸ್ತೆ ಗುತ್ತಿಗೆದಾರರ ಹಳೆಯ ಬಾಕಿ ತೀರಿಸಲು 17,500 ಕೋಟಿ ಶಿಲ್ಲಿಂಗ್ ಎತ್ತುವ ಏರ್ಪಾಡಾಯಿತು. ನಾಳೆ ಬರುವ ತೆರಿಗೆಯನ್ನು ಇಂದೇ ಮಾರುವ ಉಪಾಯವೇನೋ ಕ್ಯಾಲಿಫೋರ್ನಿಯಾದ್ದೇ. ಆದರೆ ಒತ್ತೆ ಬಿದ್ದದ್ದು ಲಾಭ ಪಡೆದವನ ನೆಲವಲ್ಲ, ಮಟಾಟು ಎಂಬ ಇಲ್ಲಿನ ಖಾಸಗಿ ವ್ಯಾನಿನಲ್ಲಿ ಕೂತವನ ಟಿಕೆಟು.

ಇನ್ನೊಂದು ಮೂಲ ಸಂಬಳ. ನನ್ನ ಕೆಲಸದ ಒಂದು ಭಾಗ ಸಂಬಳದ ಪಟ್ಟಿ ಮಾಡುವುದು. 2024ರ ಮಾರ್ಚಿನಿಂದ ಜಾರಿಯಲ್ಲಿರುವ ಕೈಗೆಟುಕುವ ವಸತಿ ಕಾಯಿದೆಯಂತೆ ಪ್ರತಿ ನೌಕರನ ಒಟ್ಟು ಸಂಬಳದಲ್ಲಿ ಶೇ 1.5 ಕಡಿತ, ಮಾಲೀಕನಿಂದ ಮತ್ತೆ ಶೇ 1.5. ಇದಕ್ಕೆ ಮುಂಚಿನ ಇದೇ ಬಗೆಯ ಲೆವಿಯನ್ನು 2023ರ ನವೆಂಬರಿನಲ್ಲಿ ಹೈಕೋರ್ಟ್ ಸಂವಿಧಾನಬಾಹಿರ ಎಂದಿತ್ತು. ಸರ್ಕಾರ ಹೊಸ ಕಾಯಿದೆ ತಂದು ಅದನ್ನು ಮರಳಿ ಸ್ಥಾಪಿಸಿತು. ನೈರೋಬಿಯಲ್ಲಿ ಸಾಮಾನ್ಯ ಕಾರ್ಮಿಕನ ಕನಿಷ್ಠ ವೇತನ ತಿಂಗಳಿಗೆ ಸುಮಾರು 16 ಸಾವಿರ ಶಿಲ್ಲಿಂಗ್. ಅದರಲ್ಲಿ ವಸತಿಗೆ 240, ಆರೋಗ್ಯ ವಿಮೆಗೆ ಶೇ 2.75ರಂತೆ 440, ಇದರ ಮೇಲೆ ಪಿಂಚಣಿ ನಿಧಿ. ಸಹಿ ಹಾಕಿ ಸಂಬಳದ ಚೀಟಿ ತೆಗೆದುಕೊಳ್ಳುವವರು ಬೆರಳಿಟ್ಟು ಕೇಳುವ ಸಾಲು ವಸತಿ ಲೆವಿಯದು: ಈ ದುಡ್ಡಿನ ಮನೆ ನನಗೆ ಯಾವಾಗ? 2024ರ ಜೂನಿನಲ್ಲಿ ಹಣಕಾಸು ಮಸೂದೆಯ ವಿರುದ್ಧ ಯುವಜನರು ಬೀದಿಗಿಳಿದು, ಸಂಸತ್ತಿನೊಳಕ್ಕೂ ನುಗ್ಗಿ, ಅಧ್ಯಕ್ಷರು ಮಸೂದೆ ಹಿಂತೆಗೆದುಕೊಂಡಾಗ ಹೊರಗಿನವರಿಗೆ ಅದು ಹಠಾತ್ತಾಗಿ ಕಂಡಿರಬಹುದು. ಸಂಬಳದ ಪಟ್ಟಿ ಮಾಡುವವನಿಗೆ ಹಾಗೆ ಕಂಡಿರಲಾರದು.

ಲೆವಿಯ ದುಡ್ಡು ಎಲ್ಲಿಯೂ ಕಾಣುತ್ತಿಲ್ಲ ಎನ್ನುವುದು ಅನ್ಯಾಯದ ಮಾತಾದೀತು. ಇಂಡಸ್ಟ್ರಿಯಲ್ ಏರಿಯಾದ ಅಂಚಿನಲ್ಲೇ, ಎಂಟರ್‌ಪ್ರೈಸ್ ರಸ್ತೆಯ ಬಳಿ, ಹವಾಮಾನ ಇಲಾಖೆಗೆ ಸೇರಿದ್ದ ಜಾಗದಲ್ಲಿ 13,248 ಮನೆಗಳ ಮುಕುರು ವಸತಿ ಸಮುಚ್ಚಯ ಏಳುತ್ತಿದೆ. 2025ರ ಮೇ ತಿಂಗಳಲ್ಲಿ ಮೊದಲ 1,080 ಮನೆಗಳ ಕೀಲಿ ಕೊಟ್ಟರು. ಒಂದು ಕೋಣೆಯ ಮನೆಗೆ ತಿಂಗಳಿಗೆ 3,900 ಶಿಲ್ಲಿಂಗ್ ಕಂತು, ಕಂತು ತೀರಿದರೆ ಮನೆ ಸ್ವಂತ. ತಗಡಿನ ಗೂಡಿನಿಂದ ನಲ್ಲಿ ನೀರಿರುವ ಕೋಣೆಗೆ ಬಂದವರಿಗೆ ಅದು ಸಣ್ಣ ಸಂಗತಿಯಲ್ಲ. ಮುಕುರುವಿನಲ್ಲಿರುವ ಕುಟುಂಬಗಳು ಸುಮಾರು ಒಂದು ಲಕ್ಷ ಎಂಬುದನ್ನು ಪಕ್ಕಕ್ಕಿಟ್ಟು ನೋಡಿದಾಗ ಮಾತ್ರ ಲೆಕ್ಕ ಕಿರಿದಾಗುತ್ತದೆ.

ಮುಕುರುವಿನ ಬಗ್ಗೆ ನಿಂತು ಹೇಳಬೇಕು, ಏಕೆಂದರೆ ಅದಿಲ್ಲದೆ ಇಂಡಸ್ಟ್ರಿಯಲ್ ಏರಿಯಾ ಒಂದು ದಿನವೂ ನಡೆಯದು. ಮುಕುರು ಕ್ವಾ ಜೆಂಗಾ, ಮುಕುರು ಕ್ವಾ ರೂಬೆನ್, ವಿವಂದಾನಿ ಎಂಬ ಮೂರು ಬಡಾವಣೆಗಳು ಕಾರ್ಖಾನೆಗಳ ಬೆನ್ನಿಗೆ, ಎನ್ಗೊಂಗ್ ನದಿಯ ಗುಂಟ ಹಬ್ಬಿವೆ. ವಿವಂದಾನಿ ಎಂದರೆ ಸ್ವಾಹಿಲಿಯಲ್ಲಿ ‘ಕಾರ್ಖಾನೆಗಳ ನಡುವೆ’ ಎಂದೇ ಅರ್ಥ. ಬೆಳಗಿನ ಆರಕ್ಕೆ ಅಲ್ಲಿಂದ ಸಾವಿರಾರು ಜನ ನಡೆದು ಕೆಲಸಕ್ಕೆ ಬರುತ್ತಾರೆ. ಬಸ್ಸಿಗೆ ಕೊಡುವ ದುಡ್ಡು ಉಳಿಯುತ್ತದೆಂಬುದೇ ಅಲ್ಲಿರುವ ಮುಖ್ಯ ಕಾರಣ. ಆ ನೆಲದ ಬಹುಭಾಗ ಸರ್ಕಾರದ್ದೂ ಅಲ್ಲ, ವಾಸಿಸುವವರದೂ ಅಲ್ಲ. ದಶಕಗಳ ಹಿಂದೆ ಸಣ್ಣ ಕೈಗಾರಿಕೆ ಕಟ್ಟಬೇಕೆಂಬ ಷರತ್ತಿನ ಮೇಲೆ ಖಾಸಗಿಯವರಿಗೆ 99 ವರ್ಷದ ಗುತ್ತಿಗೆಗೆ ಕೊಟ್ಟದ್ದು. ಹಲವರು ಕಾರ್ಖಾನೆ ಕಟ್ಟಲಿಲ್ಲ. ಕೆಲವರು ಆ ಪತ್ರವನ್ನೇ ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತಂದರು. ಖಾಲಿ ನೆಲದಲ್ಲಿ ತಗಡಿನ ಊರು ಎದ್ದಿತು. 2011ರ ಸೆಪ್ಟೆಂಬರ್ 12ರಂದು ಲುಂಗಾ ಲುಂಗಾ ಬಳಿಯ ಸಿನಾಯ್ ಎಂಬಲ್ಲಿ ಕೊಳವೆ ಮಾರ್ಗದಿಂದ ಸೋರಿದ ಪೆಟ್ರೋಲಿಗೆ ಬೆಂಕಿ ಹತ್ತಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಈ ಊರಿನಲ್ಲೇ.

2017ರ ಆಗಸ್ಟಿನಲ್ಲಿ ನೈರೋಬಿ ಕೌಂಟಿ ಮುಕುರುವನ್ನು ‘ವಿಶೇಷ ಯೋಜನಾ ಪ್ರದೇಶ’ ಎಂದು ಘೋಷಿಸಿತು. ನನ್ನ ದೃಷ್ಟಿಯಲ್ಲಿ ಈ ನಗರದ ಯೋಜನಾ ಚರಿತ್ರೆಯಲ್ಲಿ ಅತ್ಯಂತ ಗಂಭೀರವಾದ ಪ್ರಯತ್ನ ಇದು. ರೈಲ್ವೆ ಸಿಟಿಯ ಗಾಜಿನ ಗೋಪುರಗಳಿಗಿಂತ ಹೆಚ್ಚಿನ ಗಮನಕ್ಕೆ ಯೋಗ್ಯ. ಕೊಳಚೆ ನಿವಾಸಿಗಳ ಒಕ್ಕೂಟವಾದ ಮುವುಂಗಾನೊ ವಾ ವನವಿಜೀಜಿ, ಅಕಿಬಾ ಮಷಿನಾನಿ ಟ್ರಸ್ಟ್, ನೈರೋಬಿಯ ವಿಶ್ವವಿದ್ಯಾಲಯಗಳು ಹಾಗೂ ಹತ್ತಾರು ಸಂಘಟನೆಗಳು ಕೂಡಿ, ನೀರು, ವಸತಿ, ಹಣಕಾಸು, ಭೂಮಿ ಎಂದು ವಿಷಯವಾರು ಗುಂಪುಗಳಾಗಿ ಯೋಜನೆ ತಯಾರಿಸಿದವು. ಅವರ ಅಧ್ಯಯನ ಎತ್ತಿ ತೋರಿಸಿದ ಒಂದು ಸಂಗತಿ ಅರ್ಥಶಾಸ್ತ್ರದ ಪಾಠಕ್ಕೆ ಸೇರಬೇಕು: ಮುಕುರುವಿನ ಬಡವರು ನೀರಿಗೂ ವಿದ್ಯುತ್ತಿಗೂ ಯೂನಿಟ್ಟಿನ ಲೆಕ್ಕದಲ್ಲಿ ಅಧಿಕೃತ ಬಡಾವಣೆಯವರಿಗಿಂತ ಹೆಚ್ಚು ತೆರುತ್ತಿದ್ದರು. ದಲ್ಲಾಳಿಗಳ ಕೈಗೆ ಹೋಗುತ್ತಿದ್ದ ಆ ಹಣವೇ ಸರಿಯಾದ ಕೊಳವೆಗೂ ತಂತಿಗೂ ಬಂಡವಾಳವಾಗಬಲ್ಲದು ಎಂಬುದು ಅದರ ತಿರುಳು. ಮುಂದಿನ ವರ್ಷಗಳಲ್ಲಿ ಒಂದಷ್ಟು ರಸ್ತೆ, ಒಳಚರಂಡಿ, ನೀರಿನ ಕೊಳವೆ, ಆಸ್ಪತ್ರೆಗಳು ನಿಜವಾಗಿಯೂ ಬಂದವು.

ಆದರೆ ಅದೇ ಮುಕುರು ಕ್ವಾ ಜೆಂಗಾದಲ್ಲಿ 2021ರ ಅಕ್ಟೋಬರಿನಲ್ಲಿ ಬುಲ್ಡೋಜರುಗಳು ಬಂದವು. ಇಂಡಸ್ಟ್ರಿಯಲ್ ಏರಿಯಾದ ವಾಹನ ದಟ್ಟಣೆ ಇಳಿಸಲು ಮ್ಯಾರಥಾನ್ ಓಟಗಾರ್ತಿ ಕ್ಯಾಥರೀನ್ ಎನ್ಡೆರೆಬಾ ಹೆಸರಿನ ರಸ್ತೆ ಬೇಕಾಗಿತ್ತು. ಹತ್ತಾರು ಸಾವಿರ ಜನ ಬೀದಿಗೆ ಬಿದ್ದರು. ಯೋಜನೆಯ ಪುಸ್ತಕದಲ್ಲಿ ನಿವಾಸಿಗಳ ಭಾಗವಹಿಸುವಿಕೆ, ನೆಲದ ಮೇಲೆ ಬುಲ್ಡೋಜರು: ಎರಡೂ ಒಂದೇ ನಗರದವು. 2024ರ ಏಪ್ರಿಲ್-ಮೇ ಪ್ರವಾಹದ ನಂತರ ನದಿದಂಡೆಯ ಮನೆಗಳನ್ನು ಕೆಡವಿದಾಗಲೂ ಇದೇ ಕ್ರಮ. ರಾಜಕಾಲುವೆ ಒತ್ತುವರಿ ತೆರವಿನ ಕಾಲದಲ್ಲಿ ಬೆಂಗಳೂರಿನಲ್ಲಿ ಕೇಳಿದ ಪ್ರಶ್ನೆಯನ್ನೇ ಇಲ್ಲಿಯೂ ಕೇಳಿದರು: ನದಿಯ ಅಂಚಿಗೆ ತಗಡಿನ ಗೋಡೆಯೂ ಇತ್ತು, ಕಾರ್ಖಾನೆಯ ಕಲ್ಲಿನ ಗೋಡೆಯೂ ಇತ್ತು, ಮೊದಲು ಬಿದ್ದದ್ದು ಯಾವುದು?

ನಮ್ಮ ಕಡೆಯ ಅನುಭವದಿಂದ ಇವರಿಗೆ ಹೇಳಬಹುದಾದದ್ದು ಏನಾದರೂ ಇದೆಯೇ? ಸ್ವಲ್ಪ ಇದೆ. ಎಲೆಕ್ಟ್ರಾನಿಕ್ ಸಿಟಿಗೆ 2013ರಲ್ಲಿ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರದ ಸ್ಥಾನ ಸಿಕ್ಕಿ, ಅಲ್ಲಿನ ಆಸ್ತಿ ತೆರಿಗೆಯ ಒಂದು ಪಾಲು ಸುತ್ತಲಿನ ಪಂಚಾಯಿತಿಗಳಿಗೂ ಉಳಿದದ್ದು ಅಲ್ಲಿನ ರಸ್ತೆ, ದೀಪಗಳಿಗೂ ಹೋಗುತ್ತದೆ. ತೆರಿಗೆ ಎಲ್ಲಿ ಹುಟ್ಟಿತೋ ಅಲ್ಲಿ ಕಾಣುತ್ತದೆ. ಕರ್ನಾಟಕದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ 18ಎ ಕಲಂ ಹೊಸ ಅಭಿವೃದ್ಧಿಯ ಮೇಲೆ ಸೆಸ್ ಹಾಕಿ ನೀರು, ವರ್ತುಲ ರಸ್ತೆ, ಕೊಳಚೆ ಪ್ರದೇಶ, ಸಾಮೂಹಿಕ ಸಾರಿಗೆಗೆ ಬಳಸಲು ಅವಕಾಶ ಕೊಡುತ್ತದೆ. ಕೋನಪ್ಪನ ಅಗ್ರಹಾರದ ಮೆಟ್ರೊ ನಿಲ್ದಾಣಕ್ಕೆ ಇನ್ಫೊಸಿಸ್ ಫೌಂಡೇಷನ್ 200 ಕೋಟಿ ರೂಪಾಯಿ ಕೊಡಲು ಒಪ್ಪಿದ್ದೂ ಒಂದು ಮಾದರಿ, ಆದರೆ ಅದು ಔದಾರ್ಯದ ಮಾದರಿ. ಅದನ್ನು ನಂಬಿ ನಗರ ಕಟ್ಟಲಾಗದು. ಎಲೆಕ್ಟ್ರಾನಿಕ್ ಸಿಟಿಯ ಮಾದರಿಗೂ ಒಂದು ಮಿತಿಯಿದೆ. ದೊಡ್ಡ ಕಂಪನಿಗಳ ಆವರಣ ಚೆನ್ನಾಗಿರುತ್ತದೆ, ಬೇಲಿಯಾಚೆ ಕೆಲಸಗಾರರು ಬಾಡಿಗೆಗಿರುವ ಹಳ್ಳಿ ಹಾಗೆಯೇ ಉಳಿಯುತ್ತದೆ. ನೈರೋಬಿ ಆ ಪ್ರಾಧಿಕಾರವನ್ನು ನಕಲು ಮಾಡುವುದಾದರೆ ಮುಕುರುವನ್ನು ಗಡಿಯೊಳಗೆ ಸೇರಿಸಿಕೊಂಡು ಮಾಡಬೇಕು. ಕಾರ್ಖಾನೆಯ ನೆಲದ ತೆರಿಗೆಯಿಂದ ಕಾರ್ಖಾನೆಗೆ ನಡೆದು ಬರುವವನ ಚರಂಡಿಗೆ ದುಡ್ಡು ಹೋಗುವಂತಿರಬೇಕು.

ಇದನ್ನು ಬರೆಯುವಾಗ ನನ್ನ ಅನ್ನದಾತರು ಯಾರೆಂಬುದೂ ನೆನಪಿದೆ. ಇಂಡಸ್ಟ್ರಿಯಲ್ ಏರಿಯಾದ ಎಷ್ಟೋ ಕಾರ್ಖಾನೆಗಳು ಗುಜರಾತಿ, ಪಂಜಾಬಿ ಮೂಲದ ಕೆನ್ಯಾದ ಕುಟುಂಬಗಳವು. ಮೂರು-ನಾಲ್ಕು ತಲೆಮಾರು ಇಲ್ಲಿಯೇ ಬೆಳೆದವರು. 2017ರಲ್ಲಿ ಸರ್ಕಾರ ಅವರನ್ನು ದೇಶದ 44ನೆಯ ಸಮುದಾಯವೆಂದು ಅಧಿಕೃತವಾಗಿ ಒಪ್ಪಿತು. ಆದರೂ ಸಾರ್ವಜನಿಕ ಸಭೆಯಲ್ಲಿ ಬಾಯಿಬಿಡುವ ರೂಢಿ ಕಡಿಮೆ. 1972ರಲ್ಲಿ ನೆರೆಯ ಉಗಾಂಡದಲ್ಲಿ ಆದದ್ದು ಹಿರಿಯರ ನೆನಪಿನಿಂದ ಅಳಿದಿಲ್ಲ; ತಲೆ ತಗ್ಗಿಸಿ ವ್ಯಾಪಾರ ಮಾಡು ಎಂಬುದು ಮನೆಯ ಪಾಠ. ನೆಲದ ಬೆಲೆ ಏರಲಿ, ಮಾರಿ ಆಥಿ ರಿವರಿಗೆ ಹೋಗೋಣ ಎನ್ನುವವರಿದ್ದಾರೆ. ಅವರ ಲೆಕ್ಕ ತಪ್ಪೆನ್ನಲಾರೆ. ಗುತ್ತಿಗೆಯ ಅವಧಿ ಮುಗಿಯುತ್ತ ಬಂದಿದ್ದರೆ, ನವೀಕರಣ ಯಾವ ಷರತ್ತಿನ ಮೇಲೆ ಸಿಗುತ್ತದೆಂದು ತಿಳಿಯದಿದ್ದರೆ, ಹೊಸ ಯಂತ್ರಕ್ಕೆ ಬಂಡವಾಳ ಹೂಡುವವರು ಯಾರು? ಆದರೆ ಕಾರ್ಖಾನೆ ಮೂವತ್ತು ಕಿಲೊಮೀಟರ್ ದೂರ ಹೋದರೆ ನಡೆದು ಬರುತ್ತಿದ್ದ ಯಂತ್ರ ಚಾಲಕಿ ದಿನಕ್ಕೆ ಎರಡು ಮಟಾಟು ಹತ್ತಬೇಕು, ಆ ಟಿಕೆಟಿನಲ್ಲಿ ಒತ್ತೆಯಿಟ್ಟ ಇಂಧನ ತೆರಿಗೆಯನ್ನೂ ಕಟ್ಟಬೇಕು, ಸಂಬಳದಲ್ಲಿ ವಸತಿ ಲೆವಿಯನ್ನೂ ಕಟ್ಟಬೇಕು. ಅವಳು ಬಿಟ್ಟುಬಂದ ನೆಲದ ಏರಿದ ಬೆಲೆಯಲ್ಲಿ ಅವಳ ಪಾಲು ಎಲ್ಲಿಯೂ ದಾಖಲಾಗುವುದಿಲ್ಲ.

ಕೆಲಸದ ಪರವಾನಗಿಯ ಮೇಲೆ ಬಂದ ನಮ್ಮಂಥವರಿಗೆ ಇಲ್ಲಿ ಮತವಿಲ್ಲ. ಲೆವಿ ಮಾತ್ರ ನಮಗೂ ಉಂಟು. ಆದರೆ ಕೆನ್ಯಾದ ಸಂವಿಧಾನ ಸಾರ್ವಜನಿಕರ ಭಾಗವಹಿಸುವಿಕೆಯನ್ನು ಆಡಳಿತದ ಮೂಲತತ್ತ್ವಗಳಲ್ಲಿ ಒಂದೆಂದು ಬರೆದಿದೆ, ಅದಾಗಿಲ್ಲವೆಂದು ನ್ಯಾಯಾಲಯಗಳು ಕಾಯಿದೆಗಳನ್ನೇ ತಳ್ಳಿಹಾಕಿವೆ. ನಿಯುಪ್ಲಾನ್ ಅವಧಿ ತೀರುವ ಮುನ್ನ ನಗರ ಮುಂದಿನ ಯೋಜನೆಗೆ ಕೂರಲೇಬೇಕು. ಆಗ ರೈಲ್ವೆ ಸಿಟಿ, ಇಂಡಸ್ಟ್ರಿಯಲ್ ಏರಿಯಾ ಮತ್ತು ಮುಕುರುಗಳನ್ನು ಮೂರು ಬೇರೆ ಕಡತಗಳಲ್ಲಿ ಇಡದೆ ಒಂದೇ ನಕ್ಷೆಯಲ್ಲಿ ತರುವಂತೆ ಕೇಳುವ ಹಕ್ಕು ಕಾರ್ಖಾನೆಯ ಮಾಲೀಕರಿಗೂ ಇದೆ, ವಿವಂದಾನಿಯ ಬಾಡಿಗೆದಾರರಿಗೂ ಇದೆ. ಗುತ್ತಿಗೆ ನವೀಕರಣದ ಶುಲ್ಕವನ್ನು ಏರಿದ ನೆಲದ ಬೆಲೆಗೆ ಕಟ್ಟಿ, ಆ ಹಣವನ್ನು ಈ ಮೂರೂ ಪ್ರದೇಶಗಳ ಕೊಳವೆ, ಚರಂಡಿ, ಕಾಲುದಾರಿಗಳಿಗೆ ಮೀಸಲಿಡಲು ಹೊಸ ಸಾಲವೂ ಬೇಡ, ಹೊಸ ಲೆವಿಯೂ ಬೇಡ. ಗುತ್ತಿಗೆ ನೀಡಿದ ಭೂ ಕಚೇರಿಯೂ ತೆರಿಗೆ ಎತ್ತುವ ಕೌಂಟಿಯೂ ಒಂದೇ ಮೇಜಿಗೆ ಬಂದರೆ ಆಯಿತು. ಅವೆರಡೂ ಹಾಗೆ ಕೂತ ಸುದ್ದಿಯನ್ನು ನಾನಿನ್ನೂ ಓದಿಲ್ಲ.